ಕಲಬುರಗಿ ಬಿಸಿಲಿಗೆ ಬ್ಲಾಂಡ್ ಏಲ್: ಮೊದಲ 72 ಗಂಟೆ ತಂಪು ಕಾಯ್ದುಕೊಳ್ಳಿ

ಮಾರ್ಚ್ ಮುಗಿಯುವ ಹೊತ್ತಿಗೆ ಕಲಬುರಗಿ, ಯಾದಗಿರಿ ಕಡೆಯಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರತೊಡಗುತ್ತದೆ: ನಾವು ಮಾಡಿದ ಬ್ಲಾಂಡ್ ಏಲ್ (ತಿಳಿ ಬಣ್ಣದ ಹಗುರ ಬಿಯರ್) ಯಾಕೆ ಕೆಟ್ಟಿತು? ಮಾಲ್ಟ್ (ಮೊಳೆಸಿ ಒಣಗಿಸಿದ ಕಾಳು) ಯಾವುದು, ಹಾಪ್ಸ್ (ಕಹಿ ಕೊಡುವ ಹೂ) ಎಷ್ಟು ಗ್ರಾಂ ಎಂದು ಉದ್ದಕ್ಕೆ ಬರೆಯುತ್ತಾರೆ. ಯೀಸ್ಟ್ ಹಾಕಿದಾಗ ವರ್ಟ್, ಅಂದರೆ ಮಾಲ್ಟಿನಿಂದ ತೆಗೆದ ಸಿಹಿ ರಸ, ಎಷ್ಟು ಡಿಗ್ರಿ ಇತ್ತು ಎಂಬುದನ್ನು ಮಾತ್ರ ಒಬ್ಬರೂ ಬರೆಯುವುದಿಲ್ಲ. ಪಾತ್ರೆ ಸ್ಯಾನಿಟೈಸ್ ಮಾಡುವುದು, ಹೈಡ್ರೋಮೀಟರ್ ಓದುವುದು ನಿಮಗೆ ಬರುತ್ತದೆ ಎಂದುಕೊಂಡೇ ಮುಂದಿನದನ್ನು ಹೇಳುತ್ತಿದ್ದೇನೆ. ಬಾರದಿದ್ದರೆ ಮೊದಲು ಅದನ್ನು ಕಲಿಯಿರಿ.

ಮನೆಯಲ್ಲಿ ಸ್ವಲ್ಪ ಮಾಡಿಕೊಳ್ಳಲಿಕ್ಕೂ ಲೈಸೆನ್ಸ್ ಬೇಕಾ?

ಬೇಕು. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು ಅಪರಾಧ. ‘ಸ್ವಲ್ಪವೇ ಮಾಡಿದ್ದು’ ಎಂಬ ಮಾತು ನಡೆಯುವುದಿಲ್ಲ. ಕೆಳಗಿನದೆಲ್ಲ ಪರವಾನಗಿ ಇರುವವರಿಗೆ ಮತ್ತು ಮನೆಬಿಯರಿಗೆ ಕಾನೂನಿನ ಒಪ್ಪಿಗೆ ಇರುವ ದೇಶಗಳಲ್ಲಿ ನೆಲೆಸಿದ ನಮ್ಮ ಕಡೆಯವರಿಗೆ.

ಸರ್, ಮೈಕ್ರೊಬ್ರೂವರಿ ಲೈಸೆನ್ಸಿನ್ಯಾಗ 10 ಲೀಟರ್ ಬ್ಲಾಂಡ್ ಏಲ್ ಟ್ರಯಲ್ ಹಾಕೀವ್ರಿ. ಎರಡ ದಿನದಾಗ ಗುಳ್ಳಿ ನಿಂತಾವ. ನೇಲ್ ಪಾಲಿಶ್ ವಾಸನಿ ಬರ್ತದ, ಗಂಟಲದಾಗ ಉರಿತದ. ಮಾಲ್ಟ್ ಕೆಟ್ಟದ್ದು ಕೊಟ್ಟಾರೇನ್ರಿ? — ಕಲಬುರಗಿ

ಮಾಲ್ಟಿನ ತಪ್ಪಲ್ಲ. ಯೀಸ್ಟನ್ನು ಬಿಸಿಯಲ್ಲಿ ಓಡಿಸಿದ್ದೀರಿ. ಏಲ್ ಯೀಸ್ಟ್ 30 ಡಿಗ್ರಿ ದಾಟಿದ ವರ್ಟಿಗೆ ಬಿದ್ದರೆ ಗಾಬರಿಯಲ್ಲಿ ಬೆಳೆಯುತ್ತದೆ. ಆ ಗಾಬರಿಯಲ್ಲೇ ಈಥೈಲ್ ಅಸಿಟೇಟ್ ಮತ್ತು ಫ್ಯೂಸೆಲ್ ಆಲ್ಕೋಹಾಲ್ ಮಿತಿಮೀರಿ ಹುಟ್ಟುತ್ತವೆ. ನೇಲ್ ಪಾಲಿಶ್ ವಾಸನೆ ಮೊದಲನೆಯದರದು, ಗಂಟಲಿನ ಉರಿ ಎರಡನೆಯದರದು. ಮೂರು ತಿಂಗಳು ಇಟ್ಟರೂ ಅವು ಹೋಗುವುದಿಲ್ಲ. ಆ 10 ಲೀಟರ್ ಚೆಲ್ಲಿಬಿಡಿ. ಕಪ್ಪು ಬಿಯರಿನಲ್ಲಾದರೆ ಹುರಿದ ಮಾಲ್ಟಿನ ರುಚಿ ಒಂದಿಷ್ಟು ದೋಷವನ್ನು ಮುಚ್ಚುತ್ತದೆ. ಬ್ಲಾಂಡ್ ಏಲ್ ತಿಳಿ, ಹಗುರ. ಅದರಲ್ಲಿ ಮುಚ್ಚಿಡಲು ಜಾಗವಿಲ್ಲ.

ನೀವು ಕಳುಹಿಸಿದ ಅಳತೆಯಲ್ಲಿ ತಿದ್ದುವುದು ಹೆಚ್ಚಿಲ್ಲ. ಸಿದ್ಧ ವರ್ಟ್ 10 ಲೀಟರಿಗೆ ಪೇಲ್ ಮಾಲ್ಟ್ 2 ಕಿಲೋ, ಗೋಧಿ ಮಾಲ್ಟ್ 150 ಗ್ರಾಂ ಇರಲಿ. ಆರೂವರೆ ಲೀಟರ್ ನೀರು 72 ಡಿಗ್ರಿಗೆ ಬಂದಾಗ ಮಾಲ್ಟ್ ಸುರಿದರೆ 65–66ಕ್ಕೆ ನಿಲ್ಲುತ್ತದೆ. ಅಲ್ಲೇ ಒಂದು ತಾಸು ಹಿಡಿಯಿರಿ; ಇದೇ ಮ್ಯಾಶ್. 68ಕ್ಕೆ ಏರಿದರೆ ಬಿಯರ್ ದಪ್ಪವಾಗುತ್ತದೆ, ಬಿಸಿಲಿಗೆ ಕುಡಿಯುವಂಥದ್ದಾಗಿ ಉಳಿಯುವುದಿಲ್ಲ. ಮಾಲ್ಟನ್ನು ಉಳಿದ ಬಿಸಿನೀರಿನಲ್ಲಿ ತೊಳೆದು ಸೋಸಿದ ರಸವನ್ನು 60 ನಿಮಿಷ ಕುದಿಸಿ. ಕುದಿ ಶುರುವಾದಾಗ 5.5 ಶೇಕಡಾ ಆಲ್ಫಾ (ಕಹಿಯ ಅಂಶ) ಇರುವ ಕ್ಯಾಸ್ಕೇಡ್ ಹಾಪ್ಸ್ 12 ಗ್ರಾಂ, ಕೊನೆಯ 10 ನಿಮಿಷಕ್ಕೆ 8 ಗ್ರಾಂ ಹಾಕಿ. ಶುರುವಿನ ಗ್ರಾವಿಟಿ (ಹೈಡ್ರೋಮೀಟರ್ ತೋರಿಸುವ ಸಾಂದ್ರತೆ) 1.045ರ ಆಸುಪಾಸು, ಕೊನೆಗೆ 1.010. ಆಲ್ಕೋಹಾಲ್ ನಾಲ್ಕೂವರೆ ಶೇಕಡಾ ಚಿಲ್ಲರೆ.

ಕೆಲಸ ಕೆಡುವುದು ಸ್ಟೋವ್ ಆರಿಸಿದ ಮೇಲೆ. ಏಪ್ರಿಲ್‌ನಲ್ಲಿ ನಮ್ಮ ಮಾಳಿಗೆ ಮೇಲಿನ ಟ್ಯಾಂಕಿನ ನೀರೇ 35 ಡಿಗ್ರಿ ದಾಟಿರುತ್ತದೆ. ತಾಮ್ರದ ಸುರುಳಿಯಲ್ಲಿ ಆ ನೀರನ್ನು ಎಷ್ಟು ಹೊತ್ತು ಹರಿಸಿದರೂ ವರ್ಟ್ ಅದಕ್ಕಿಂತ ಕೆಳಗೆ ಇಳಿಯದು. ಕೈಯಿಟ್ಟು ‘ತಣ್ಣಗಾಗ್ಯದ’ ಅಂತ ಯೀಸ್ಟ್ ಹಾಕುತ್ತೀರಿ. ಕೈಗೆ ತಣ್ಣಗೆ ಅನಿಸಿದ್ದು 36 ಡಿಗ್ರಿ ಇರಬಹುದು! ಆದ್ದರಿಂದ ಎರಡು ಹಂತ ಮಾಡಿ. ಟ್ಯಾಂಕಿನ ನೀರಿನಲ್ಲಿ 45ರವರೆಗೆ ಇಳಿಸಿ, ಆಮೇಲೆ ಪಾತ್ರೆಯನ್ನು ಮುಚ್ಚಳ ಸಮೇತ ಐಸ್ ನೀರಿನ ಟಬ್ಬಿನಲ್ಲಿಟ್ಟು 18ಕ್ಕೆ ತನ್ನಿ. ಥರ್ಮಾಮೀಟರ್ 18 ತೋರಿಸುವವರೆಗೆ ಯೀಸ್ಟ್ ಪೊಟ್ಟಣ ಒಡೆಯಬೇಡಿ. ಅಷ್ಟರಲ್ಲಿ ರಾತ್ರಿಯಾದರೆ ಆಗಲಿ, ಮುಚ್ಚಳ ಬಿಗಿಯಿದ್ದರೆ ಬೆಳಿಗ್ಗೆ ಹಾಕಿದರೂ ನಡೆಯುತ್ತದೆ. ಯುಎಸ್-05 ಎಂಬ ಏಲ್ ಯೀಸ್ಟಿನ 11.5 ಗ್ರಾಂ ಪೊಟ್ಟಣದಲ್ಲಿ ಅರ್ಧ ಸಾಕು.

ಮುಂದಿನ 72 ಗಂಟೆಯೇ ನಿಮ್ಮ ಬಿಯರ್. ಹುದುಗುವಾಗ ಯೀಸ್ಟ್ ತಾನೇ ಶಾಖ ಹುಟ್ಟಿಸುತ್ತದೆ; ಜೋರಾಗಿರುವಾಗ ಒಳಗಿನ ಬಿಸಿ ಕೋಣೆಗಿಂತ 3–5 ಡಿಗ್ರಿ ಹೆಚ್ಚಿರುತ್ತದೆ. ‘ಎಸಿ 24ಕ್ಕೆ ಇಟ್ಟಿದ್ದೆವು’ ಎಂದರೆ ಒಳಗೆ 28 ಎಂದರ್ಥ. ಅಳೆಯುವುದಾದರೆ ಫರ್ಮೆಂಟರಿನ (ಹುದುಗಿಸುವ ಪಾತ್ರೆಯ) ಹೊಟ್ಟೆಗೆ ಸೆನ್ಸರ್ ಅಂಟಿಸಿ, ಮೇಲೆ ದಪ್ಪ ಬಟ್ಟೆ ಮಡಚಿ ಕಟ್ಟಿ ಅಳೆಯಿರಿ. ಗೋಡೆಯ ಥರ್ಮಾಮೀಟರ್ ನೋಡಿ ನನಗೆ ಬರೆಯಬೇಡಿ.

ಹಳೇ ಫ್ರಿಜ್ಜು ಮತ್ತು ಅದಕ್ಕೊಂದು ಟೆಂಪರೇಚರ್ ಕಂಟ್ರೋಲರ್ ಸಿಕ್ಕರೆ ಬೇರೆ ಯೋಚನೆ ಬೇಡ. ಸಿಗದಿದ್ದರೆ ಟಬ್ಬು. 10 ಲೀಟರ್ ವರ್ಟಿನ ಸುತ್ತ 20 ಲೀಟರ್ ನೀರಿದ್ದರೆ, ಪೂರ್ತಿ ಹೆಪ್ಪುಗಟ್ಟಿದ ಒಂದು ಲೀಟರಿನ ಒಂದು ಬಾಟಲಿ ಆ 30 ಲೀಟರನ್ನೂ ಸುಮಾರು ಮೂರು ಡಿಗ್ರಿ ಇಳಿಸುತ್ತದೆ. ಕೋಣೆ 35 ಇದ್ದರೆ ದಿನಕ್ಕೆ ಹಲವು ಸಲ ಬಾಟಲಿ ಬದಲಿಸಬೇಕಾದೀತು. ಎಂಟು ಬಾಟಲಿ ಫ್ರೀಜರಿನಲ್ಲಿ ಸರದಿಯಲ್ಲಿರಲಿ. ಮೂರು ದಿನ ಬಾಟಲಿ ಬದಲಿಸಲು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಆ ವಾರ ಟ್ರಯಲ್ ಹಾಕಬೇಡಿ.

ಫರ್ಮೆಂಟರಿಗೆ ಒದ್ದೆ ಚಾದರ ಸುತ್ತಿ, ಅದರ ತುದಿ ಟಬ್ಬಿನ ನೀರಿನಲ್ಲಿರುವಂತೆ ಬಿಟ್ಟು ಟೇಬಲ್ ಫ್ಯಾನ್ ಹಚ್ಚುವುದೂ ನಮ್ಮ ಬೇಸಿಗೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಹೊರಗೆ 42 ಡಿಗ್ರಿ, ಗಾಳಿಯಲ್ಲಿ ತೇವ 15 ಶೇಕಡಾ ಇದ್ದರೆ ಒದ್ದೆ ಬಟ್ಟೆ 22ರ ಹತ್ತಿರಕ್ಕೆ ತಣ್ಣಗಾಗಬಲ್ಲದು. ಮನೆಯ ಕೂಲರ್ ತಂಪು ಕೊಡುವುದೂ ಹೀಗೆಯೇ. ಆದರೆ ಜೂನ್‌ನಲ್ಲಿ ಮಳೆ ಬಿದ್ದು ಗಾಳಿ ತೇವವಾದ ದಿನ ಈ ಉಪಾಯ ಮುಗಿಯಿತು. ಆಗ ಐಸ್ ಒಂದೇ ದಾರಿ.

ಮೂರು ದಿನ 18–20ರಲ್ಲಿ ಹಿಡಿದ ಮೇಲೆ 22ಕ್ಕೆ ಏರಲು ಬಿಡಿ. ಹಸಿ ಸೇಬಿನಂಥ ವಾಸನೆಯಿದ್ದರೆ ಯೀಸ್ಟ್ ಅದನ್ನು ತಾನೇ ತೆಗೆಯುತ್ತದೆ. ಗುಳ್ಳೆ ನಿಂತಿದೆ ಎಂದು ಬಾಟಲಿ ತುಂಬಬೇಡಿ. ಗ್ರಾವಿಟಿ ಮೂರು ದಿನ ಅದೇ ಅಂಕಿಯಲ್ಲಿ ನಿಂತಿರಬೇಕು. ತುಂಬುವಾಗ, ಬಾಟಲಿಯಲ್ಲಿ ಗ್ಯಾಸ್ ಹುಟ್ಟಲು, 10 ಲೀಟರಿಗೆ ಸಕ್ಕರೆ 65 ಗ್ರಾಂ, ತೂಗಿ ಹಾಕಿ. ಚಮಚದ ಲೆಕ್ಕದಲ್ಲಿ ಹಾಕಿದರೆ ಮೇ ತಿಂಗಳಲ್ಲಿ ಗಾಜು ಸಿಡಿಯುತ್ತದೆ, ಕಣ್ಣಿಗೆ ಬೀಳುತ್ತದೆ.

ತಂಪು ಮಾಡುವ ಅನುಕೂಲವೇ ಇಲ್ಲದವರಿಗೆ ಒಂದು ದಾರಿ ನಾರ್ವೆಯ ಕ್ವೈಕ್ ಯೀಸ್ಟ್. ಅದರಲ್ಲಿ ವಾಸ್ ಎಂಬ ತಳಿ 35–40 ಡಿಗ್ರಿಯಲ್ಲೇ ಸುಖವಾಗಿರುತ್ತದೆ. ಸ್ವಲ್ಪ ಕಿತ್ತಳೆ ಪರಿಮಳ ಬರುತ್ತದೆ, ಒಪ್ಪಿಕೊಳ್ಳಬೇಕು. ಹಗುರ ವರ್ಟಿನಲ್ಲಿ ಯೀಸ್ಟ್ ನ್ಯೂಟ್ರಿಯೆಂಟ್ ಹಾಕಲೇಬೇಕು.

ಊರಾಗ ಹಳೇ ಹಗೇವು ಅದ, ತಂಪಿರ್ತದ. ಅದರಾಗ ಇಡಬಹುದೇನ್ರಿ? — ಸೇಡಂ

ಹಗೇವು ಎಂದರೆ ಕಾಳು ಕೂಡಿಡುವ ನೆಲದಡಿಯ ಗುಂಡಿ. ಅದರಲ್ಲಿ ಇಡಬೇಡಿ, ಇಳಿಯಲೂಬೇಡಿ. 10 ಲೀಟರ್ ವರ್ಟ್ ಹುದುಗುವಾಗ 190 ಲೀಟರಿನಷ್ಟು ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ನಿಲ್ಲುತ್ತದೆ. ಮುಚ್ಚಿದ ಹಗೇವಿನಲ್ಲಿ ಮೊದಲೇ ಉಸಿರಾಟಕ್ಕೆ ಗಾಳಿ ಸಾಲದಿರಬಹುದು. ಮೇಲೆ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ, ಇಳಿದವರು ಕೂಗಲೂ ಆಗದಂತೆ ಬೀಳುತ್ತಾರೆ. ಬಿಯರ್ ಕೆಟ್ಟರೆ ಕೆಡಲಿ.

ಬೋರಿನ ನೀರು ನಡೀತದಾ?

ಶಹಾಬಾದ್, ಸೇಡಂ, ಚಿತ್ತಾಪುರದ ಸುಣ್ಣಕಲ್ಲಿನ ನೆಲದ ನೀರಾದರೆ ಬೇಡ. ಆ ನೀರಿನಲ್ಲಿರುವ ಬೈಕಾರ್ಬೊನೇಟ್ ಮ್ಯಾಶಿನ ಪಿಎಚ್ ಏರಿಸಿ, ಮಾಲ್ಟಿನ ಹೊಟ್ಟಿನಿಂದ ಒಗರು ಎಳೆಯುತ್ತದೆ. ಆರ್‌ಒ ನೀರು 15 ಲೀಟರಿಗೆ ಕ್ಯಾಲ್ಸಿಯಂ ಕ್ಲೋರೈಡ್ 2 ಗ್ರಾಂ, ಜಿಪ್ಸಂ 1 ಗ್ರಾಂ ಹಾಕಿ. ಮ್ಯಾಶಿನ ಪಿಎಚ್ 5.2–5.4 ಬರಬೇಕು.

ಕಿರಾಣಿ ಅಂಗಡಿಯ ಜವೆಗೋಧಿ, ಬೇಕರಿ ಯೀಸ್ಟ್?

ಜವೆಗೋಧಿ ಮೊಳೆಸದಿದ್ದರೆ ಮಾಲ್ಟ್ ಅಲ್ಲ. ಬೇಕರಿ ಯೀಸ್ಟ್ ಬ್ರೆಡ್ಡಿಗೆ.

ಕಿಕ್ ಬರಲಿ ಅಂತ ನವಸಾಗರ, ನಿದ್ದೆಗುಳಿಗೆ ಹಾಕಂತಾರ... — ಯಾದಗಿರಿ

ಹಾಕು ಎಂದವನನ್ನು ಮನೆಯ ಹತ್ತಿರ ಸೇರಿಸಬೇಡಿ. ಹೆಂಡಕ್ಕೆ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್, ಬೆರೆಸಿ ಈ ಭಾಗದಲ್ಲಿ ಎಷ್ಟು ಕೂಲಿ ಮನೆಗಳು ಹಾಳಾದವೆಂದು ನಿಮಗೂ ಗೊತ್ತು. ಅದು ಕಿಕ್ ಅಲ್ಲ, ವಿಷ. ಇನ್ನು ‘ಮನೆ ಬಿಯರ್ ಕುಡಿದರೆ ಕಣ್ಣು ಹೋಗ್ತದ’ ಎಂಬುದು ಬೇರೆ ಮಾತು: ಕಣ್ಣು ತೆಗೆಯುವುದು ಕಾರ್ಖಾನೆಯ ಮೆಥನಾಲ್ ಬೆರೆಸಿದ ಕಳ್ಳಬಟ್ಟಿ. ಮಾಲ್ಟಿನಿಂದ ಹುದುಗಿದ ಬಿಯರಿನಲ್ಲಿ ಮೆಥನಾಲ್ ಇರುವುದು ಅತ್ಯಲ್ಪ.

ನಮ್ಮ ಬಿಳಿಜೋಳ ಹಾಕಬಹುದಾ? — ಹುಮನಾಬಾದ್

ಹಾಕಬಹುದು, ಒಳ್ಳೆಯ ಪ್ರಶ್ನೆ. 2 ಕಿಲೋ ಪೇಲ್ ಮಾಲ್ಟಿನಲ್ಲಿ 300 ಗ್ರಾಂ ಕಡಿಮೆ ಮಾಡಿ ಅಷ್ಟೇ ಜೋಳದ ನುಚ್ಚು ಹಾಕಿ. ಜೋಳದ ಪಿಷ್ಟ 65 ಡಿಗ್ರಿಗೆ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ಅದಕ್ಕೇ ನುಚ್ಚನ್ನು ಮೊದಲು ಅಂಬಲಿಯಂತೆ 20–30 ನಿಮಿಷ ಕುದಿಸಿ, ಆರಿಸಿ, ಆಮೇಲೆ ಮ್ಯಾಶಿಗೆ ಸೇರಿಸಿ. ಜೋಳವನ್ನೇ ಮೊಳೆಸಿ ಮಾಲ್ಟ್ ಮಾಡಲು ಹೋಗುವವರು ಎಚ್ಚರ: ಮೊಳೆತ ಜೋಳದಲ್ಲಿ ಸಯನೈಡ್ ಬಿಡುಗಡೆ ಮಾಡುವ ಧುರಿನ್ ಇರುತ್ತದೆ. ಪೂರ್ತಿ ಒಣಗಿಸಿ, ಮೊಳಕೆ ಮತ್ತು ಬೇರನ್ನು ಉಜ್ಜಿ ಕೇರಿ ತೆಗೆದ ಮೇಲೆಯೇ ಬಳಸಬೇಕು. ಕೇರಿ ಬಿದ್ದ ಆ ಮೊಳಕೆಯನ್ನು ದನಕ್ಕೂ ಹಾಕಬೇಡಿ.