ಶುಗರ್ ಮಾತ್ರೆ ಬಿಡಿಸಿದ ವಿಡಿಯೋ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಮಗಳು ಅಪ್ಪನನ್ನು ಮಾತಾಡಿಸಲಿ ಅಂತ ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. ಅಪ್ಪನಿಗೆ ಅರವತ್ತು ದಾಟಿದೆ, ಶುಗರ್ ಬಂದು ಹತ್ತು ವರ್ಷದ ಮೇಲಾಗಿದೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಮಾತ್ರೆ ನಿಲ್ಲಿಸಿದ್ದರು. ಕೊರಿಯರ್‌ನಲ್ಲಿ ತರಿಸಿದ ಪುಡಿ ಕುಡಿಯುತ್ತಿದ್ದರು. ‘30 ದಿನದಲ್ಲಿ ಬುಡಸಮೇತ ವಾಸಿ’ ಅಂತ ಅದರ ಜಾಹೀರಾತು. ಮಗಳು ದಿನಾ ಫ್ಯಾಮಿಲಿ ಗ್ರೂಪಿಗೆ ‘ಇದು ಸುಳ್ಳು’ ಎನ್ನುವ ಲಿಂಕ್ ಹಾಕುತ್ತಿದ್ದರು. ಅಪ್ಪ ಗ್ರೂಪಿನಿಂದಲೇ ಹೊರಗೆ ಹೋದರು.

ಅವತ್ತೇ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರಿಗೆ ತೋರಿಸಿ ಎಂದು ಮೊದಲು ಕಳಿಸಿದೆ. ಇಂಥ ಕಡೆ ಮಾತುಕತೆ ಆಮೇಲೆ.

ಮುಂದಿನ ಸಲ ಅಪ್ಪನೊಬ್ಬರ ಜೊತೆ ಕೂತೆ. ‘ಡಾಕ್ಟರು ಚೀಟಿ ನೋಡ್ತಾರೆ, ನನ್ನ ಮುಖ ನೋಡಲ್ಲ. ಈ ವಿಡಿಯೋದವರು ನನ್ನ ಕಾಲು ಉರಿ ಬಗ್ಗೆನೇ ಮಾತಾಡ್ತಾರೆ’ ಅಂದರು. ನನಗೆ ಇಡೀ ಪ್ರಕರಣದಲ್ಲಿ ಮುಖ್ಯ ಅನ್ನಿಸಿದ್ದು ಇದೇ ಮಾತು. ಇಂಥದ್ದನ್ನು ನಂಬುವವರಿಗೆ ಬುದ್ಧಿ ಕಡಿಮೆ ಅಂತಲ್ಲ. ವರ್ಷಗಟ್ಟಲೆ ಮಾತ್ರೆ ನುಂಗಿ ಸಾಕಾಗಿರುತ್ತದೆ. ಕೇಳಿಸಿಕೊಳ್ಳುವವರು ಯಾರೂ ಇರುವುದಿಲ್ಲ.

ಆ ವಿಡಿಯೋದಲ್ಲಿ ಒಂದು ಎಳೆ ನಿಜವೂ ಇತ್ತು: ಕೆಲವರ ಶುಗರ್ ಮಾತ್ರೆ ಇಲ್ಲದೆಯೂ ಹತೋಟಿಗೆ ಬರಬಹುದು. ಅದನ್ನು ನಾನು ಮುಚ್ಚಿಡಲಿಲ್ಲ. ಬ್ರಿಟನ್ನಿನಲ್ಲಿ ನಡೆದ ‘ಡೈರೆಕ್ಟ್’ ಎಂಬ ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು. ತೂಕ ಇಳಿಸುವ ಗುಂಪಿನಲ್ಲಿದ್ದವರಲ್ಲಿ ಶೇ 46ರಷ್ಟು ಜನರ ಶುಗರ್ ಒಂದು ವರ್ಷದ ಹೊತ್ತಿಗೆ ಮಾತ್ರೆ ಇಲ್ಲದೆ ಹತೋಟಿಯಲ್ಲಿತ್ತು. ಆದರೆ ಅವರಿಗೆ ಟೈಪ್ 2 ಶುಗರ್ ಬಂದು ಆರು ವರ್ಷ ದಾಟಿರಲಿಲ್ಲ. ಊಟ ತುಂಬಾ ಕಡಿಮೆ ಮಾಡಿ, ವೈದ್ಯ ಸಿಬ್ಬಂದಿಯ ನಿಗಾದಲ್ಲಿ ಮಾತ್ರೆ ನಿಲ್ಲಿಸಿದ್ದರು. ಎರಡನೇ ವರ್ಷಕ್ಕೆ ಆ ಲೆಕ್ಕ ಶೇ 36ಕ್ಕೆ ಇಳಿಯಿತು. ಪುಡಿಯ ಮಾತು ಅದರಲ್ಲಿ ಎಲ್ಲೂ ಇಲ್ಲ. ಪೂರ್ತಿ ಸುಳ್ಳಿಗಿಂತ ಹೀಗೆ ನಿಜದ ತುಣುಕು ಸೇರಿಸಿದ ಸುಳ್ಳು ಜಾಸ್ತಿ ಅಪಾಯ.

‘ನೀವು ಸೈಟ್ ತಗೊಂಡಾಗ ಮಾರುವವನ ಮಾತನ್ನೇ ನಂಬಿದ್ರಾ?’ ಅಂತ ಕೇಳಿದೆ. ‘ಇಲ್ಲಪ್ಪ, ಸಬ್ ರಿಜಿಸ್ಟ್ರಾರ್ ಆಫೀಸಿಂದ ಇಸಿ (ಋಣಭಾರ ಪತ್ರ) ತೆಗೆಸಿದೆ, ವಕೀಲರಿಗೆ ತೋರಿಸಿದೆ’ ಅಂದರು. ಇಲ್ಲೂ ಅಷ್ಟೇ ಮಾಡಿ ಎಂದೆ. ವಿಡಿಯೋವನ್ನೇ ಮತ್ತೆ ಮತ್ತೆ ನೋಡಿದರೆ ಅದು ನಿಜವೋ ಸುಳ್ಳೋ ಗೊತ್ತಾಗಲ್ಲ. ಅದರಿಂದ ಹೊರಗೆ ಬಂದು, ಇವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ, ದುಡ್ಡು ಯಾರಿಗೆ ಹೋಗುತ್ತದೆ ಅಂತ ಹುಡುಕಬೇಕು. ಇಬ್ಬರೂ ಕೂತು ಹುಡುಕಿದೆವು. ಔಷಧಿಗೆ ‘ಡಯಾಬಿಟಿಸ್ ವಾಸಿ ಮಾಡುತ್ತದೆ’ ಎಂದು ಜಾಹೀರಾತು ಕೊಡುವುದನ್ನೇ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ನಿಷೇಧಿಸಿದೆ. ಇದನ್ನು ಓದಿ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ತಾವೇ ಇನ್ನೊಂದು ಹಿಡಿದರು. ವಿಡಿಯೋದಲ್ಲಿ ವಾಸಿಯಾದವರು ತೋರಿಸುವುದು ಖಾಲಿ ಹೊಟ್ಟೆಯ ಒಂದು ದಿನದ ರಿಪೋರ್ಟ್. ಎಚ್‌ಬಿಎ1ಸಿ ಎನ್ನುವ ರಕ್ತ ಪರೀಕ್ಷೆ ಹೇಳುವುದು ಸುಮಾರು ಮೂರು ತಿಂಗಳ ಶುಗರ್ ಸರಾಸರಿ. ‘ಅದನ್ನ ಯಾಕೆ ತೋರಿಸಲ್ಲ?’ ಅಂದರು. ಒಳ್ಳೆಯ ಪ್ರಶ್ನೆ, ಅಲ್ವಾ?

ಮಗಳಿಗೆ ಹೇಳಿದ್ದು ಬೇರೆ. ಎಲ್ಲರ ಮುಂದೆ ತಿದ್ದಬೇಡಿ. ಸೋತೆ ಅನ್ನಿಸಿದವರು ತಮ್ಮ ಮಾತನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಲಿಂಕ್ ಕಳಿಸುವ ಬದಲು ‘ಇದನ್ನ ಹೇಳ್ತಿರೋದು ಯಾರಪ್ಪಾ?’ ಅಂತ ಪಕ್ಕದಲ್ಲಿ ಕೂತು ಕೇಳಿ. ಆಸ್ಪತ್ರೆಗೆ ಜೊತೆಗೆ ಹೋಗಿ. ಕಾಲು ಉರಿಯಿಂದ ಹಿಡಿದು ಎಲ್ಲ ಪ್ರಶ್ನೆ ಬರೆದುಕೊಂಡು ಹೋಗಿ, ಉತ್ತರ ಸಿಗುವ ತನಕ ಏಳಬೇಡಿ. ಆ ಡಾಕ್ಟರು ಕೇಳಿಸಿಕೊಳ್ಳದಿದ್ದರೆ ಕೇಳಿಸಿಕೊಳ್ಳುವ ಇನ್ನೊಬ್ಬ ಡಾಕ್ಟರನ್ನು ಹುಡುಕಿ.

ಅಪ್ಪ ಈಗ ಡಾಕ್ಟರು ಹೇಳಿದಂತೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಪುಡಿ ಡಬ್ಬಿಯನ್ನು ಇನ್ನೂ ಬಿಸಾಡಿಲ್ಲ. ಅದಕ್ಕೆ ಒತ್ತಾಯ ಮಾಡಬೇಡಿ ಅಂದಿದ್ದೇನೆ. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಮಾತ್ರೆ ಬಿಟ್ಟಿದ್ದರೆ, ಹಳೆಯ ಚೀಟಿ ನೋಡಿ ನೀವೇ ಮತ್ತೆ ಶುರು ಮಾಡಿಸಬೇಡಿ. ಎಷ್ಟು ಪ್ರಮಾಣ ಅಂತ ಡಾಕ್ಟರೇ ಹೇಳಬೇಕು. ವಿಪರೀತ ಬಾಯಾರಿಕೆ, ವಾಂತಿ, ಮಂಪರು ಕಂಡರೆ ಅದೇ ಗಳಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.