ಓದುಗರ ಪ್ರಶ್ನೆ, ಓಟದ ಉತ್ತರ: ಮಂಗಳವಾರ ಗೆದ್ದು ಭಾನುವಾರ ಸುಸ್ತಾಗೋದ್ಯಾಕೆ?

ಈ ಸಲ ಬಂದಿರೋ ಪತ್ರಗಳಲ್ಲಿ ಹೆಚ್ಚಿನವು ಕ್ಲಬ್ಬಿನ ವಾರದ ಪ್ರಾಕ್ಟೀಸ್ ಬಗ್ಗೆ, ಇಲ್ಲ ರೇಸ್ ರಿಸಲ್ಟ್ ಬಗ್ಗೆನೇ ಇದ್ವು. ಎಲ್ಲದಕ್ಕೂ ಇಲ್ಲಿ ಜಾಗ ಸಾಲಲ್ಲ, ಒಂದೇ ಥರದ ಪ್ರಶ್ನೆ ಇದ್ದ ಕಡೆ ಒಂದನ್ನ ತಗೊಂಡು ಉತ್ತರ ಬರ್ದಿದೀನಿ.

ಪ್ರಶ್ನೆ: ಅಕ್ಕಾ ನಮಸ್ಕಾರ. ನನಗೆ 41 ವರ್ಷ, ಬ್ಯಾಂಕಲ್ಲಿ ಕೆಲಸ. ನಮ್ಮೂರಿನ ರನ್ನಿಂಗ್ ಕ್ಲಬ್ ಸೇರಿದೀನಿ. ಮಂಗಳವಾರ 400 ಮೀಟರ್ ಇಂಟರ್ವಲ್ (ಒಂದು ರೌಂಡು ಜೋರು, ನಡುವೆ ಮೆಲ್ಲಗೆ) ಎಂಟು ಸಲ, ಗುರುವಾರ ಟೆಂಪೊ, ಭಾನುವಾರ ಲಾಂಗ್ ರನ್. ಇಂಟರ್ವಲ್ ದಿನ ಹುಡುಗರ ಜೊತೆನೇ ಓಡ್ತೀನಿ, ಮೊದಲ ರೌಂಡು 1 ನಿಮಿಷ 40 ಸೆಕೆಂಡು, ಕೊನೇದು 2:20 ಆಗುತ್ತೆ. ಆದ್ರೆ 10ಕೆ (10 ಕಿಲೋಮೀಟರ್ ಓಟದ) ಟೈಮು 55 ನಿಮಿಷದಿಂದ ಕೆಳಗೆ ಇಳೀತಾನೇ ಇಲ್ಲ, ಭಾನುವಾರ 12 ಕಿಲೋಮೀಟರ್ ಆಗೋಷ್ಟರಲ್ಲಿ ಕಾಲು ಎಳ್ಕೊಂಡು ಬರ್ತೀನಿ. ಇನ್ನೂ ಜೋರಾಗಿ ಪ್ರಾಕ್ಟೀಸ್ ಮಾಡ್ಬೇಕಾ?
— ಓದುಗರು, ದಾವಣಗೆರೆ

ಉತ್ತರ: ಬೇಡ. ಮೊದಲು ಮಂಗಳವಾರ ನಿಧಾನ ಮಾಡಿ. ನಿಮ್ಮ ಪತ್ರದಲ್ಲೇ ಉತ್ತರ ಇದೆ ನೋಡಿ, 1:40ರಿಂದ ಶುರುವಾಗಿ 2:20ಕ್ಕೆ ಮುಗಿಯೋ ಸೆಶನ್ ಅಂದ್ರೆ ಮೊದಲ ಎರಡು ಮೂರು ರೌಂಡಿನಲ್ಲೇ ಇದ್ದಬದ್ದ ಶಕ್ತಿ ಎಲ್ಲಾ ಸುರಿದು ಉಳಿದದ್ದನ್ನ ಹೇಗೋ ಮುಗಿಸ್ತಿದೀರಿ ಅಂತ. 55 ನಿಮಿಷದ 10ಕೆ ಅಂದ್ರೆ ಕಿಲೋಮೀಟರಿಗೆ 5:30, ಒಂದು ಟ್ರ್ಯಾಕ್ ರೌಂಡಿಗೆ 2:12. ನಿಮಗೆ ಬೇಕಾಗಿರೋದು ಇದಕ್ಕಿಂತ ಸ್ವಲ್ಪ ಜೋರು, 2:04ರಿಂದ 2:06. ಎಂಟೂ ರೌಂಡು ಅದೇ ಟೈಮಿಗೆ ಬರ್ಬೇಕು, ನಡುವೆ 200 ಮೀಟರ್ ಮೆಲ್ಲಗೆ ಜಾಗಿಂಗ್. ಮುಗಿಸಿದಾಗ ಇನ್ನೊಂದು ಓಡಬಹುದಿತ್ತು ಅನ್ನಿಸ್ಬೇಕು, ಹಾಗನ್ನಿಸಿದ್ರೆ ಸೆಶನ್ ಸರಿಯಾಗಿ ಆಗಿದೆ ಅಂತ ಅರ್ಥ. ಹುಡುಗರು ಮುಂದೆ ಹೋದ್ರೆ ಹೋಗ್ಲಿ ಬಿಡಿ, ಅವರ 10ಕೆ ಟೈಮೇ ಬೇರೆ. ಒಳ್ಳೇ ಕ್ಲಬ್ಬಲ್ಲಿ ಕೋಚು ವಯಸ್ಸು ನೋಡಿ ಗುಂಪು ಮಾಡಲ್ಲ, ಇತ್ತೀಚಿನ ರೇಸ್ ಟೈಮ್ ನೋಡಿ ಮಾಡ್ತಾರೆ, ನಿಮ್ಮ ಕೋಚಿಗೂ ಹಾಗೇ ಮಾಡಿ ಅಂತ ಕೇಳಿ.

ಗುರುವಾರದ ಟೆಂಪೊ ಕೂಡ ಇದೇ ಕಥೆ ಇರಬೇಕು ಅನ್ಸುತ್ತೆ. ಟೆಂಪೊ ಅಂದ್ರೆ ಹೆಚ್ಚು ಕಮ್ಮಿ ಒಂದು ಗಂಟೆ ಹೊತ್ತು ಹಿಡ್ಕೊಂಡು ಓಡಬಹುದಾದ ವೇಗ. ನಿಮಗದು ಕಿಲೋಮೀಟರಿಗೆ 5:35, 5:40ರ ಹತ್ರ, 20 ನಿಮಿಷ ಸಾಕು.

ಇನ್ನು ಭಾನುವಾರ. ಲಾಂಗ್ ರನ್ ನೀವು ಕಿಲೋಮೀಟರಿಗೆ 6:45ರಿಂದ 7:15ರ ನಡುವೆ ಓಡ್ಬೇಕು, ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡೋಕೆ ಆಗ್ಬೇಕು. ಮಾತು ತುಂಡು ತುಂಡಾಗ್ತಿದೆ ಅಂದ್ರೆ ವೇಗ ಜಾಸ್ತಿಯಾಯ್ತು ಅಂತ. ಇಷ್ಟು ನಿಧಾನ ಓಡಿದ್ರೆ ಏನುಪಯೋಗ ಅಂತ ಎಲ್ಲರೂ ಕೇಳ್ತಾರೆ. ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳೋದನ್ನ ಕಲಿಯೋದು, ಕಾಲಿನ ಸ್ನಾಯುವಿನಲ್ಲಿ ಸಣ್ಣ ಸಣ್ಣ ರಕ್ತನಾಳ ಹೆಚ್ಚಾಗೋದು, ಕೊಬ್ಬನ್ನ ಉರಿಸೋ ಶಕ್ತಿ ಬೆಳೆಯೋದು ಇವೆಲ್ಲಾ ಬಹುಪಾಲು ಆಗೋದು ಈ ನಿಧಾನದ ಓಟದಲ್ಲೇ. ಇನ್ನೊಂದು ವಿಷ್ಯ, ದಮ್ಮು ಬೇಗ ಬರುತ್ತೆ ಆದ್ರೆ ಸ್ನಾಯುರಜ್ಜು, ಮೂಳೆ ಗಟ್ಟಿಯಾಗೋಕೆ ತಿಂಗಳುಗಟ್ಟಲೆ ಬೇಕು, 40 ದಾಟಿದ ಮೇಲಂತೂ ಇನ್ನೂ ಹೆಚ್ಚು. ದಮ್ಮಿದೆ ಅಂತ ದಿನಾ ಜೋರು ಓಡಿ ಹಿಮ್ಮಡಿ ನೋವು ತಂದ್ಕೊಂಡು ಆರು ತಿಂಗಳು ಮನೇಲಿ ಕೂತವರನ್ನ ನಾನು ಪ್ರತಿ ಸೀಸನ್ನೂ ನೋಡ್ತೀನಿ, ತುಂಬಾ ಬೇಜಾರಾಗುತ್ತೆ.

ಕೀನ್ಯಾದ ಕಪ್ತಗತ್‌ನಲ್ಲಿ ಕೋಚ್ ಪ್ಯಾಟ್ರಿಕ್ ಸಾಂಗ್ ಹತ್ರ ಮ್ಯಾರಥಾನ್ ಓಟಗಾರ ಎಲಿಯುಡ್ ಕಿಪ್ಚೋಗೆ ತರಬೇತಿ ಮಾಡಿದ್ದೂ ಇಂಥದೇ ವಾರದ ಲೆಕ್ಕದಲ್ಲಿ, ಮಂಗಳವಾರ ಟ್ರ್ಯಾಕು, ಗುರುವಾರ ಲಾಂಗ್ ರನ್, ಶನಿವಾರ ಫಾರ್ಟ್ಲೆಕ್ (ನಿಲ್ಲದೆ ಒಮ್ಮೆ ಜೋರು ಒಮ್ಮೆ ಮೆಲ್ಲಗೆ ಓಡೋದು), ಉಳಿದ ದಿನ ಸುಲಭದ ಓಟ. 2022ರ ಬರ್ಲಿನ್‌ನಲ್ಲಿ ಮ್ಯಾರಥಾನ್ 2:01:09ಕ್ಕೆ ಮುಗಿಸಿದ ಮನುಷ್ಯ, ಕಿಲೋಮೀಟರಿಗೆ 2:52 ಆಯ್ತು, ಸುಲಭದ ದಿನ ಅದಕ್ಕಿಂತ ಒಂದು ನಿಮಿಷಕ್ಕೂ ಹೆಚ್ಚು ನಿಧಾನ ಓಡ್ತಾರೆ. ಅವರಿಗೇ ನಿಧಾನ ಓಡೋಕೆ ಸಂಕೋಚ ಇಲ್ಲ ಅಂದ್ಮೇಲೆ ನಮಗ್ಯಾಕೆ? ಮೂರು ತಿಂಗಳು ಹೀಗೆ ಮಾಡಿ, ಆಮೇಲೆ ಒಂದು 10ಕೆ ಓಡಿ ನನಗೆ ಬರೀರಿ. ಓಡುವಾಗ ಎದೆ ಬಿಗಿಯೋದು, ತಲೆ ತಿರುಗೋದು ಏನಾದ್ರೂ ಇದ್ರೆ ಮಾತ್ರ ಇದನ್ನೆಲ್ಲಾ ಬದಿಗಿಟ್ಟು ಮೊದಲು ಡಾಕ್ಟರ್ ಹತ್ರ ಹೋಗಿ.

ಪ್ರಶ್ನೆ: ಮೇಡಂ, ಬೆಂಗಳೂರಲ್ಲಿ 10ಕೆ ಓಡಿದೆ. ನನ್ನ ವಾಚಲ್ಲಿ 10.18 ಕಿಲೋಮೀಟರ್ ತೋರಿಸ್ತು, ಪೇಸ್ (ಅಂದ್ರೆ ಕಿಲೋಮೀಟರಿಗೆ ಹಿಡಿದ ಟೈಮು) 5:24. ರಿಸಲ್ಟಲ್ಲಿ 5:30 ಅಂತಿದೆ. ಅದರಲ್ಲೂ ಎರಡೆರಡು ಟೈಮ್, ಗನ್ ಟೈಮ್ 58 ನಿಮಿಷ, ನೆಟ್ ಟೈಮ್ 55. ರೂಟೇ ತಪ್ಪಾಗಿ ಅಳೆದಿದಾರೆ ಅಂತ ನಮ್ಮ ಕ್ಲಬ್ ಗ್ರೂಪಲ್ಲಿ ದೊಡ್ಡ ಚರ್ಚೆ. ಯಾವುದನ್ನ ನನ್ನ ಪರ್ಸನಲ್ ಬೆಸ್ಟ್ ಅಂತ ಬರ್ಕೊಳ್ಲಿ?
— ಓದುಗರು, ರಾಜಾಜಿನಗರ

ಉತ್ತರ: ನೆಟ್ ಟೈಮ್ 55 ನಿಮಿಷ, ಪೇಸ್ 5:30. ಅದೇ ನಿಮ್ಮದು. ಬಿಬ್ (ಎದೆ ಮೇಲೆ ಹಾಕೋ ನಂಬರ್ ಚೀಟಿ) ಹಿಂದೆ ಇರೋ ಚಿಪ್ಪು ನೀವು ಸ್ಟಾರ್ಟ್ ಲೈನಿನ ಮ್ಯಾಟ್ ತುಳಿದಾಗಿಂದ ಫಿನಿಶ್ ಮ್ಯಾಟ್ ತುಳಿಯೋವರೆಗೆ ಲೆಕ್ಕ ಹಾಕುತ್ತೆ, ಗನ್ ಟೈಮ್ ಮಾತ್ರ ಎಲ್ಲರಿಗೂ ಒಂದೇ ಕ್ಷಣದಿಂದ ಶುರು. ಅಷ್ಟು ಜನಸಂದಣಿಯಲ್ಲಿ ಹಿಂದಿದ್ದವರಿಗೆ ಲೈನ್ ಮುಟ್ಟೋಕೇ ಮೂರು ನಿಮಿಷ ಆಗೋದು ಸಹಜ. ಆದ್ರೆ ಗೆದ್ದವರನ್ನ ತೀರ್ಮಾನ ಮಾಡೋದು ಗನ್ ಲೆಕ್ಕದಲ್ಲೇ, ಯಾಕಂದ್ರೆ ಮುಂದೆ ಓಡ್ತಿರೋರಿಗೆ ಎದುರಾಳಿ ಕಣ್ಣಿಗೆ ಕಾಣ್ಬೇಕು, ಮೊದಲು ಲೈನ್ ದಾಟಿದವರು ಮೊದಲು ಅಷ್ಟೇ.

ರೂಟ್ ತಪ್ಪಾಗಿ ಅಳೆದಿದಾರೆ ಅನ್ನೋ ಮಾತು ಪ್ರತಿ ರೇಸ್ ಆದ್ಮೇಲೂ ಬರುತ್ತೆ, ಅಳೆಯೋರ ಕಷ್ಟ ಗೊತ್ತಿದ್ರೆ ಹಾಗನ್ನಲ್ಲ. ಸರ್ಟಿಫೈಡ್ ರೂಟನ್ನ ಅಳೆಯೋದು ಜಿಪಿಎಸ್‌ನಿಂದ ಅಲ್ಲ, ಸೈಕಲ್ಲಿಂದ. ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಅನ್ನೋ ಒಂದು ಸಣ್ಣ ಯಂತ್ರ ಹಾಕಿರ್ತಾರೆ, ಅದು ಚಕ್ರ ತಿರುಗಿದ್ದನ್ನ ಎಣಿಸುತ್ತೆ. ಸ್ಟೀಲ್ ಟೇಪಲ್ಲಿ ಅಳೆದ ನೇರ ದಾರಿ ಮೇಲೆ ಆ ಸೈಕಲ್ಲನ್ನ ಮೊದಲು ಓಡಿಸಿ ಹೊಂದಿಸ್ಕೊಂಡು, ಕೆಲಸ ಮುಗಿದ ಮೇಲೆ ಮತ್ತೆ ಓಡಿಸಿ ನೋಡ್ತಾರೆ, ಬಿಸಿಲಿಗೆ ಟೈರಿನ ಗಾಳಿ ಹಿಗ್ಗಿದ್ರೂ ಲೆಕ್ಕ ಬದಲಾಗುತ್ತಲ್ಲ ಅದಕ್ಕೆ. ಅಳೆಯೋದು ಓಡಬಹುದಾದ ಅತಿ ಹತ್ತಿರದ ದಾರಿ, ತಿರುವಲ್ಲಿ ಅಂಚಿಂದ ಬರೀ 30 ಸೆಂಟಿಮೀಟರ್ ಬಿಟ್ಟು. ಅದರ ಮೇಲೆ ಸಾವಿರಕ್ಕೆ ಒಂದರ ಲೆಕ್ಕದಲ್ಲಿ ಹೆಚ್ಚುವರಿ ಸೇರಿಸ್ತಾರೆ, 10ಕೆಗೆ 10 ಮೀಟರು, ಮ್ಯಾರಥಾನಿಗೆ 42 ಮೀಟರು, ದೂರ ಕಮ್ಮಿ ಆಗ್ಲೇಬಾರ್ದು ಅಂತ.

ನೀವು ಆ ದಾರೀಲಿ ಓಡಿರಲ್ಲ. ಜನರನ್ನ ಸುತ್ತಿ ದಾಟ್ತೀರಿ, ನೀರಿನ ಟೇಬಲ್ಲಿಗೆ ರಸ್ತೆಯ ಆ ಕಡೆ ಹೋಗ್ತೀರಿ, ತಿರುವಲ್ಲಿ ಹೊರಗಡೆಯಿಂದ ಬರ್ತೀರಿ, ಜೊತೆಗೆ ಎಂಜಿ ರೋಡಿನಂಥ ಕಡೆ ಎತ್ತರದ ಕಟ್ಟಡ, ಮೆಟ್ರೊ ಸೇತುವೆ, ದೊಡ್ಡ ಮರ ಇದ್ದಾಗ ಸಿಗ್ನಲ್ಲೂ ಅಲ್ಲಾಡುತ್ತೆ. 10.18 ಬಂದಿದ್ದು ಆಶ್ಚರ್ಯ ಅಲ್ಲ. ಮುಂದಿನ ಸಲ ವಾಚಿನ ಪೇಸ್ ನಂಬಿ 55 ನಿಮಿಷಕ್ಕೆ ಅಂತ ಲೆಕ್ಕ ಹಾಕ್ಬೇಡಿ, ರಸ್ತೆ ಬದಿ ಕಿಲೋಮೀಟರ್ ಬೋರ್ಡ್ ಬಂದಾಗೆಲ್ಲಾ ಕೈಯಲ್ಲೇ ಲ್ಯಾಪ್ ಬಟನ್ ಒತ್ತಿ. ನಿಮಗೆ ಉತ್ಸಾಹಕ್ಕೆ ಒಂದು ಮಾತು, ಬೆಂಗಳೂರಿನ ವರ್ಲ್ಡ್ 10ಕೆಯಲ್ಲಿ 2022ರಲ್ಲಿ ಕೀನ್ಯಾದ ನಿಕೋಲಸ್ ಕಿಮೇಲಿ 27:38 ಓಡಿದ್ರು, ಅಂದ್ರೆ ಟ್ರ್ಯಾಕಲ್ಲಿ ಒಂದು ರೌಂಡಿಗೆ 66 ಸೆಕೆಂಡಿನ ಹಾಗೆ ಇಪ್ಪತ್ತೈದು ರೌಂಡು. ಮುಂದಿನ ಮಂಗಳವಾರ ಒಂದೇ ಒಂದು ರೌಂಡಿನ ಟೈಮ್ ನೋಡ್ಕೊಂಡು ಅದನ್ನ ನೆನೆಸ್ಕೊಳ್ಳಿ, ಮೈ ಜುಮ್ ಅನ್ನುತ್ತೆ.

ಪ್ರಶ್ನೆ: ಅಕ್ಕಾ, ನನಗೆ 47, ಮೈಸೂರು. ಇಬ್ಬರು ಮಕ್ಕಳನ್ನ ಕಾಲೇಜಿಗೆ ಸೇರಿಸಿದ ಮೇಲೆ ಓಡೋಕೆ ಶುರು ಮಾಡ್ದೆ. ಕ್ಲಬ್ಬಲ್ಲಿ ಯಾವಾಗ್ಲೂ ನಾನೇ ಕೊನೆ. ನಾನು ಮುಟ್ಟೋಷ್ಟರಲ್ಲಿ ನೀರು ಬಾಳೆಹಣ್ಣು ಎಲ್ಲಾ ಪ್ಯಾಕ್ ಮಾಡಿರ್ತಾರೆ. ತಿಂಗಳ 5ಕೆ ರಿಸಲ್ಟ್ ವಾಟ್ಸಾಪಲ್ಲಿ ಮೊದಲ ಹತ್ತು ಜನರದ್ದು ಮಾತ್ರ ಹಾಕ್ತಾರೆ. ಬಿಟ್ಟುಬಿಡೋಣ ಅನ್ಸುತ್ತೆ.
— ಓದುಗಿ, ಮೈಸೂರು

ಉತ್ತರ: ಬಿಡ್ಬೇಡಿ ತಾಯಿ. ಈ ಪತ್ರ ಓದಿ ನನಗೆ ನಿಜವಾಗ್ಲೂ ಸಿಟ್ಟು ಬಂತು, ನಿಮ್ಮ ಮೇಲಲ್ಲ. ಕೊನೆಯವರು ಬರೋಕೆ ಮುಂಚೆ ನೀರು ಎತ್ತಿಡೋದು ಕ್ಲಬ್ಬಿನ ಲಕ್ಷಣ ಅಲ್ಲ. ಕೊನೆಯವರು ಬಿಸಿಲಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಇರ್ತಾರೆ, ನೀರು ಮೊದಲು ಬೇಕಾಗಿರೋದೇ ಅವರಿಗೆ. ಪ್ರತಿ ಸೆಶನ್ನಿಗೂ ಒಬ್ಬರು ಕೊನೆಯವರ ಜೊತೆಗೇ ಓಡಿ ಬರ್ಬೇಕು, ವಾರ ವಾರ ಬೇರೆ ಬೇರೆಯವರು, ಜೋರಾಗಿ ಓಡೋರೂ ಸೇರಿ. ಅವರಿಗೂ ಒಂದು ಸುಲಭದ ದಿನ ಸಿಕ್ಕಂಗಾಗುತ್ತೆ, ಮೊದಲ ಉತ್ತರದಲ್ಲಿ ಹೇಳಿದೀನಲ್ಲ, ಅದು ಅವರಿಗೆ ಬೇಕೇ ಬೇಕು.

ರಿಸಲ್ಟ್ ಅಂದ್ರೆ ಕೊನೆ ಹೆಸರಿನವರೆಗೂ ಹಾಕ್ಬೇಕು. ಹತ್ತು ಜನರದ್ದು ಹಾಕಿದ್ರೆ ಅದು ಬಹುಮಾನದ ಪಟ್ಟಿ, ರಿಸಲ್ಟ್ ಅಲ್ಲ. ನಿಮ್ಮ ಕಳೆದ ತಿಂಗಳ ಟೈಮು ಎಲ್ಲೂ ಬರ್ದಿಲ್ಲ ಅಂದ್ರೆ ಈ ತಿಂಗಳು ನೀವು ಒಂದು ನಿಮಿಷ ಸುಧಾರಿಸಿದ್ದು ಯಾರಿಗೂ ಗೊತ್ತಾಗಲ್ಲ, ಅದೇ ತಿಂಗಳು ಮೊದಲು ಬಂದವರು ಅರ್ಧ ನಿಮಿಷ ಹಿಂದೆ ಬಿದ್ದಿದ್ರೂ ಅವರ ಫೋಟೊ ಬಂದಿರುತ್ತೆ. ಪಟ್ಟೀಲಿ ಇನ್ನೊಂದು ಕಾಲಮ್ ಹಾಕಿ ಅಂತನೂ ಹೇಳಿ, ಏಜ್ ಗ್ರೇಡಿಂಗ್. ನಿಮ್ಮ ವಯಸ್ಸಿನ ಹೆಂಗಸರ ಅತ್ಯುತ್ತಮ ಮಟ್ಟದ ಟೈಮನ್ನ ನಿಮ್ಮ ಟೈಮಿಂದ ಭಾಗಿಸಿದ್ರೆ ಒಂದು ಶೇಕಡಾ ಬರುತ್ತೆ, ಮಾಸ್ಟರ್ಸ್ ಅಥ್ಲೆಟಿಕ್ಸ್‌ನವರ ಟೇಬಲ್ಲು ಎಲ್ಲಾ ವಯಸ್ಸಿಗೂ ಇದೆ. 25ರ ಹುಡುಗ ಮತ್ತೆ 47ರ ಹೆಂಗಸು ಒಂದೇ ಪಟ್ಟೀಲಿ ನ್ಯಾಯವಾಗಿ ನಿಲ್ಲೋಕೆ ಇರೋ ದಾರಿ ಅದು.

ಹೆಂಗಸರು ದೂರ ಓಡೋ ಹಕ್ಕೇ ಜಗಳಾಡಿ ಪಡ್ಕೊಂಡಿದ್ದು ಅಕ್ಕಾ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಲ್ಲಿ 800 ಮೀಟರ್ ಓಡಿ ಹೆಂಗಸರು ಕುಸಿದು ಬಿದ್ರು ಅಂತ ಪತ್ರಿಕೆಗಳು ಉತ್ಪ್ರೇಕ್ಷೆ ಮಾಡಿ ಬರೆದಿದ್ದಕ್ಕೆ 1960ರವರೆಗೆ ಆ ಓಟನೇ ತೆಗೆದಿದ್ರು. ಬೋಸ್ಟನ್ ಮ್ಯಾರಥಾನ್ ಹೆಂಗಸರನ್ನ ಅಧಿಕೃತವಾಗಿ ಸೇರಿಸ್ಕೊಂಡಿದ್ದು 1972ರಲ್ಲಿ, ಒಲಿಂಪಿಕ್ಸಲ್ಲಿ ಹೆಂಗಸರ ಮ್ಯಾರಥಾನ್ ಬಂದಿದ್ದು 1984ರಲ್ಲಿ, ಲಾಸ್ ಏಂಜಲೀಸಲ್ಲಿ. ನಮ್ಮ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳ್ಕೊಂಡ ಅದೇ ಕೂಟ. ಆಗ ನೀವು ಪುಟ್ಟ ಹುಡುಗಿ ಇದ್ರಿ. ಈ ಭಾನುವಾರ ಕೋಚ್ ಹತ್ರ ನೇರವಾಗಿ ಮಾತಾಡಿ, ಮಾಡಲ್ಲ ಅಂದ್ರೆ ಇನ್ನಿಬ್ಬರು ಮೂವರನ್ನ ಕಟ್ಕೊಂಡು ಕುಕ್ಕರಹಳ್ಳಿ ಕೆರೆ ದಂಡೆ ಮೇಲೆ ನೀವೇ ಓಡಿ, ಮೈಸೂರಲ್ಲಿ ಅದಕ್ಕಿಂತ ಒಳ್ಳೇ ಜಾಗ ಬೇಕಾ.

ಪ್ರಶ್ನೆ: ಬೆಂಗಳೂರಿಂದ ಮಂಗಳೂರಿಗೆ ಟ್ರಾನ್ಸ್‌ಫರ್ ಆಯ್ತು. ಇಲ್ಲಿ ಕ್ಲಬ್ ರನ್ನಲ್ಲಿ ನನ್ನ ಪೇಸ್ ಅರ್ಧ ನಿಮಿಷ ಬಿದ್ದುಹೋಗಿದೆ. ಫಿಟ್ನೆಸ್ ಹೋಯ್ತಾ?
— ಓದುಗರು, ಮಂಗಳೂರು

ಉತ್ತರ: ಇಲ್ಲ, ಸೆಕೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಬೆಳಗ್ಗೆ ತಂಪು. ಕರಾವಳೀಲಿ ಗಾಳೀಲೇ ನೀರು ತುಂಬಿರೋದ್ರಿಂದ ಬೆವರು ಆರಲ್ಲ, ಬೆವರು ಆರದಿದ್ರೆ ಮೈ ತಣ್ಣಗಾಗಲ್ಲ, ಹೃದಯ ಚರ್ಮಕ್ಕೂ ಕಾಲಿಗೂ ಎರಡೂ ಕಡೆ ರಕ್ತ ಕಳಿಸ್ಬೇಕು. ಎರಡು ವಾರ ವಾಚ್ ನೋಡದೆ ಓಡಿ, ಮೈ ಹೊಂದ್ಕೊಳ್ಳುತ್ತೆ. ಆಮೇಲೂ ಬೆಂಗಳೂರಿನ ಟೈಮ್ ಜೊತೆ ಹೋಲಿಸ್ಬೇಡಿ.

ಪ್ರಶ್ನೆ: ನಮ್ಮ ಸ್ಟೇಡಿಯಂನಲ್ಲಿ ವಾಕಿಂಗ್ ಬರೋರು ಒಳಗಿನ ಲೇನಲ್ಲೇ ನಡೀತಾರೆ, ಇಂಟರ್ವಲ್ ದಿನ ದಿನಾ ಕಿರಿಕ್.
— ಓದುಗರು, ಶಿವಮೊಗ್ಗ

ಉತ್ತರ: ಹಿರಿಯರ ಜೊತೆ ಜಗಳ ಬೇಡ. ಆರನೇ ಲೇನಿಂದ ಆಚೆ ನಡೆದ್ರೆ ನಿಮಗೂ ಒಳ್ಳೇದು ಅಂಕಲ್, ಒಂದು ರೌಂಡಿಗೆ ದೂರ ಜಾಸ್ತಿ ಸಿಗುತ್ತೆ ಅಂತ ಹೇಳಿ, ಅದು ನಿಜಾನೂ ಹೌದು, ಮೊದಲ ಲೇನ್ 400 ಮೀಟರಾದ್ರೆ ಎಂಟನೇದು ಸುಮಾರು 453.

ಪ್ರಶ್ನೆ: ಅಕ್ಕಾರ ನಮಸ್ಕಾರ್ರಿ. ಗದಗ ಜಿಲ್ಲಾದಾಗ ಸರ್ಕಾರಿ ಹೈಸ್ಕೂಲ್ ಪಿ.ಇ. ಮಾಸ್ತರ ಅದೀನಿ. ಓಡೂ ಹುಡುಗ್ರು ಹುಡುಗ್ಯಾರು ಚಲೋ ಅದಾರ, ಶನಿವಾರಕ್ಕೊಮ್ಮೆ ಕ್ಲಬ್ ಗತೆ ಮಾಡ್ಬೇಕಂತ ಆಸೆ. ಟ್ರ್ಯಾಕ್ ಇಲ್ಲ, ಬೂಟ್ ಇಲ್ಲ, ಸ್ಟಾಪ್‌ವಾಚೂ ಇಲ್ಲ. ಹ್ಯಾಂಗ ಶುರು ಮಾಡ್ಲಿ?
— ಶಿಕ್ಷಕರು, ಗದಗ ಜಿಲ್ಲೆ

ಉತ್ತರ: ಸರ್, ಎಲ್ಲಾ ಪತ್ರದಲ್ಲಿ ನನಗೆ ಬಹಳ ಖುಷಿ ಕೊಟ್ಟಿದ್ದು ನಿಮ್ಮದು. ಮೈದಾನ 70 ಮೀಟರ್ ಅಗಲ ಇದ್ರೆ ಸಾಕು. ನಡುವೆ ಗೂಟ ಹೊಡೀರಿ, ಹಿಗ್ಗದೇ ಇರೋ ಹಗ್ಗ 31 ಮೀಟರ್ 53 ಸೆಂಟಿಮೀಟರ್ ಅಳತೆ ಮಾಡಿ ಗೂಟಕ್ಕೆ ಕಟ್ಟಿ ಸುತ್ತ ಸುಣ್ಣದ ಗೆರೆ ಎಳೀರಿ. ಮಕ್ಕಳು ಗೆರೆಯಿಂದ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, 30 ಸೆಂಟಿಮೀಟರ್ ಹೊರಗೆ ಓಡಿದ್ರೆ ಒಂದು ಸುತ್ತು ಸರಿಯಾಗಿ 200 ಮೀಟರ್. ಗೋಲ ಟ್ರ್ಯಾಕ್ ಆಗಿರೋದ್ರಿಂದ ಒಂದೇ ಕಾಲಿನ ಮೇಲೆ ಭಾರ ಬೀಳುತ್ತೆ, ಒಂದು ವಾರ ಎಡಕ್ಕೆ ಒಂದು ವಾರ ಬಲಕ್ಕೆ ಓಡಿಸಿ. ಬರಿಗಾಲಲ್ಲಿ ಓಡೋರಿಗೆ ತೊಂದ್ರೆ ಇಲ್ಲ, ಆದ್ರೆ ಓಡೋಕೆ ಮುಂಚೆ ಎಲ್ಲರೂ ಸಾಲಾಗಿ ನಡೆದು ಮುಳ್ಳು, ಗಾಜಿನ ಚೂರು ಹೆಕ್ಕಬೇಕು.

ವೇಗದ ಪ್ರಾಕ್ಟೀಸಿಗೆ ವಾಹನ ಇಲ್ಲದ ಹೊಲದ ದಾರೀಲಿ ಕರೆಂಟ್ ಕಂಬ ಇದ್ರೆ ಒಂದು ಕಂಬದಿಂದ ಇನ್ನೊಂದಕ್ಕೆ ಜೋರು, ಮುಂದಿನದಕ್ಕೆ ಮೆಲ್ಲಗೆ, ಹೀಗೆ ಹದಿನೈದು ನಿಮಿಷ. ದೂರ ಹೆಚ್ಚಿಸೋ ಆತುರ ಬೇಡ, ಈ ವಯಸ್ಸಿನವರನ್ನ 10ಕೆ ರೇಸಿಗೆ ಕರ್ಕೊಂಡು ಹೋಗಿ ಫೋಟೊ ಹಾಕೋರಿದಾರೆ, ಆ ದಾರಿಗೆ ಹೋಗ್ಬೇಡಿ. ಬೆಳಗ್ಗೆ ಏನು ತಿಂದು ಬಂದಿದೀರಿ ಅಂತ ಪ್ರತಿ ಸಲ ಕೇಳಿ. ಖಾಲಿ ಹೊಟ್ಟೇಲಿ ಬಂದ ಮಗುವನ್ನ ಓಡಿಸ್ಬೇಡಿ, ಒಂದು ಬಾಳೆಹಣ್ಣೋ ಶೇಂಗಾ ಚಿಕ್ಕಿಯೋ ಕೊಟ್ಟು ಅರ್ಧ ಗಂಟೆ ಕೂರಿಸಿ. ಶಾಲೆಯ ಹಾಲು ಓಟ ಮುಗಿದ ಮೇಲೆ ಇರ್ಲಿ.

ತಿಂಗಳಿಗೊಂದು ಶನಿವಾರ ಐದು ಸುತ್ತು, 1000 ಮೀಟರ್ ಟೈಮ್ ತಗೊಳ್ಳಿ. ಮೊಬೈಲಿನ ಸ್ಟಾಪ್‌ವಾಚ್ ಸಾಕೇ ಸಾಕು. ಅವತ್ತು ಕಾಲುನೋವಿಂದ ಓಡದೇ ಇರೋ ಒಬ್ಬರಿಗೆ ಮೊಬೈಲ್ ಕೊಟ್ಟು ಪ್ರತಿಯೊಬ್ಬರು ಗೆರೆ ದಾಟಿದಾಗ ಟೈಮ್ ಕೂಗೋಕೆ ಹೇಳಿ, ಇನ್ನೊಬ್ಬರು ಉದ್ದನೆ ನೋಟ್‌ಬುಕ್ಕಲ್ಲಿ ಬರೀಲಿ, ಹೆಸರು, ತಾರೀಕು, ಟೈಮು, ಕೊನೆಗೆ ಬಂದವರದ್ದೂ ಸೇರಿ. ಸ್ಟೀಲ್ ಟೇಪ್ ಬೇಕಾದ್ರೆ ನಿಮ್ಮೂರಿನ ಸರ್ವೇಯರ್ ಹತ್ರ ಇಲ್ಲ ಮನೆ ಕಟ್ಟೋ ಮೇಸ್ತ್ರಿ ಹತ್ರ ಒಂದು ದಿನಕ್ಕೆ ಕೇಳಿ ನೋಡಿ, ಕೊಡ್ತಾರೆ.