ಜಂಟಿ ಗೋಡೆ ಯಾರ ಆಸರೆಯಲ್ಲಿ ನಿಂತಿದೆ?

ಪ್ರಶ್ನೆ: ಕಾಸರಗೋಡು ಪೇಟೆಯಲ್ಲಿ ನಮ್ಮ ಜವಳಿ ಅಂಗಡಿ. ಪಕ್ಕದ್ದು ಕೆಂಪುಕಲ್ಲಿನ, ಹಂಚಿನ ಮಾಡಿನ ಹಳೇ ಉಪ್ಪರಿಗೆ ಕಟ್ಟಡ. ನಡುವೆ ಒಂದೇ ಗೋಡೆ. ಮಾಡು ಒಂದು ಕಡೆ ಕುಸಿದಿದೆ. ಭಾನುವಾರ ಜೆಸಿಬಿ ತಂದು ಒಂದೇ ದಿನದಲ್ಲಿ ಕೆಡವಿ ಮುಗಿಸುತ್ತೇನೆ ಅನ್ನುತ್ತಾರೆ ಅದರ ಧಣಿಗಳು. ಒಪ್ಪಬಹುದೇ?

ಉತ್ತರ: ಒಪ್ಪಬೇಡಿ. ಜೆಸಿಬಿಯ ಕೈ ಮೊದಲು ತಾಗುವುದು ಕೆಳಗಿನ ಗೋಡೆಗೆ. ಅದು ಹೋದ ಮೇಲೆ ಮೇಲಿನದು ಎತ್ತ ಬೀಳುತ್ತದೆಂದು ಯಾರೂ ಹೇಳಲಾರರು. ಇಡೀ ಗೋಡೆ ಮಗುಚಿದರೆ ತನ್ನ ಎತ್ತರದಷ್ಟು ದೂರ ಬೀಳುತ್ತದೆ, ಕಲ್ಲುಗಳು ಇನ್ನೂ ಆಚೆ ಉರುಳುತ್ತವೆ. ಪೇಟೆಯಲ್ಲಿ ಅಷ್ಟು ಬಯಲು ಎಲ್ಲಿದೆ? ಮೇಲಿನಿಂದ ಕೆಳಕ್ಕೆ, ಕೈಯಿಂದಲೇ ಬಿಚ್ಚಬೇಕು. ಹಳೇ ಹಂಚಿಗೂ ಹಲಸಿನ ತೊಲೆಗೂ ಬೆಲೆ ಇದೆ, ಕೂಲಿಯ ಒಂದಷ್ಟು ಅದರಲ್ಲೇ ಹುಟ್ಟುತ್ತದೆಂದು ಧಣಿಗಳಿಗೆ ಹೇಳಿ ನೋಡಿ. ಕಾನೂನಿಗಿಂತ ಅದು ಬೇಗ ನಾಟುತ್ತದೆ.

ನಿಮಗೆ ಮುಖ್ಯವಾದದ್ದು ಜಂಟಿ ಗೋಡೆ. ಆಚೆಯ ಉಪ್ಪರಿಗೆಯ ತೊಲೆಗಳ ತುದಿ ಅದರೊಳಗೆ ಕೂತಿರುತ್ತದೆ. ಆ ತೊಲೆಗಳು ಗೋಡೆಗೆ ಭಾರವೂ ಹೌದು, ಗೋಡೆ ಹೊಟ್ಟೆ ಬಿಡದಂತೆ ಹಿಡಿದಿರುವ ಆಸರೆಯೂ ಹೌದು. ಸಬ್ಬಲು ಹಾಕಿ ಮೀಟಿದರೆ ತೊಲೆಯ ಜೊತೆ ನಾಲ್ಕು ಕಲ್ಲು ಬರುತ್ತವೆ. ಮಣ್ಣಿನ ಗಾರೆಯಾದರೆ ಮೇಲಿನ ಸಾಲೂ ಇಳಿಯುತ್ತದೆ. ಗೋಡೆಯಿಂದ ಒಂದು ಗೇಣು ಬಿಟ್ಟು ಗರಗಸದಲ್ಲಿ ಕೊಯ್ಯಿಸಿ. ತುಂಡು ಗೋಡೆಯಲ್ಲೇ ಇರಲಿ. ಆಮೇಲೆ ಒಂದೊಂದನ್ನೇ ತೆಗೆದು, ಆಗಲೇ ಆ ತೂತಿಗೆ ಕಲ್ಲು ಕಟ್ಟಿಸಿ. ಕೊಯ್ಯುವ ಮೊದಲೇ ಆಚೆಯ ನೆಲದಿಂದ, ತೊಲೆಗಳ ತುಸು ಕೆಳಗೆ ತಾಗುವಂತೆ, ಗೋಡೆಗೆ ಓರೆ ಊರೆ (ವಾಲಿಸಿ ನಿಲ್ಲಿಸುವ ಆಸರೆ ಮರ) ಕೊಡಬೇಕು. ಊರೆಯ ಬುಡ ದಪ್ಪ ಹಲಗೆಯ ಮೇಲಿರಲಿ. ಊರೆಯ ಬೆಣೆಯನ್ನು ಸುತ್ತಿಗೆಯಿಂದ ಬಡಿದು ಬಿಗಿ ಮಾಡಿದರೆ ಹಳೇ ಗೋಡೆ ಅಲುಗುತ್ತದೆ, ಮೆಲ್ಲಗೆ ತಳ್ಳಿದರೆ ಸಾಕು.

ನಿಮ್ಮ ಕಡೆಯ ಬಿರುಕುಗಳಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ, ತಾರೀಕು ಬರೆಯಿರಿ. ಗಾಜು ಒಡೆದರೆ ಗೋಡೆ ಅಲುಗಿದೆ ಎಂದರ್ಥ, ಕೆಲಸ ನಿಲ್ಲಿಸಬೇಕು.

ಹಂಚನ್ನು ಮಾಡಿನ ಎರಡೂ ಮಗ್ಗುಲಿಂದ ಸಮನಾಗಿ ಇಳಿಸಬೇಕು. ಒಂದೇ ಕಡೆ ಖಾಲಿ ಮಾಡಿದರೆ ಭಾರ ಇರುವ ಕಡೆಗೆ ಪಕ್ಕಾಸು (ಹಂಚು ಹೊರುವ ಓರೆ ಮರ) ಜಾರುತ್ತದೆ. ಮಾಡು ಹೋದ ಕೂಡಲೇ ಅದರ ಕೆಳಗಿನ ತ್ರಿಕೋನ ಗೋಡೆಗೆ ಆಸರೆ ಇಲ್ಲ. ಅದನ್ನು ಅದೇ ದಿನ ಇಳಿಸಿ, ರಾತ್ರಿ ಗಾಳಿಗೆ ಬಿಡಬೇಡಿ. ಇಳಿಸಿದ ಕಲ್ಲನ್ನು ಉಪ್ಪರಿಗೆಯಲ್ಲಿ ರಾಶಿ ಹಾಕುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಒಂದಡಿ ಎತ್ತರದ ರಾಶಿ ಚದರ ಮೀಟರಿಗೆ 400 ಕಿಲೋ ದಾಟುತ್ತದೆ. ಇಂದಿನ ಮನೆಗಳ ಮಹಡಿಯನ್ನೇ ಲೆಕ್ಕ ಹಾಕುವುದು 200 ಕಿಲೋಗೆ; ಗೆದ್ದಲು ತಿಂದ ತೊಲೆ ಏನು ತಡೆದೀತು?

ಕರೆಂಟನ್ನು ಫ್ಯೂಸ್ ತೆಗೆದು ಬಿಟ್ಟರೆ ಸಾಲದು, ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯವರು ಕಂಬದಲ್ಲೇ ತಂತಿ ಕಡಿಯಬೇಕು. ಎಲ್ಲ ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದೊಳಗೆ, ಮುಗಿಯಲಿ. ಇಷ್ಟು ಕಾಲ ಒಳಗಿದ್ದ ಗೋಡೆ ಈಗ ಮಳೆಗೆ ಮುಖ ಕೊಡುತ್ತದೆ, ಮಣ್ಣಿನ ಗಾರೆ ನೆನೆದರೆ ಕರಗುತ್ತದೆ. ಮೊದಲ ಮಳೆಗೆ ಮುಂಚೆ ಸಾರಣೆ ಆಗಲೇಬೇಕು.

ಪ್ರಶ್ನೆ: ಕೊಚ್ಚಿಯ ಮರಡಿನ ಫ್ಲ್ಯಾಟುಗಳಂತೆ ಸ್ಫೋಟಿಸಿದರೆ ಸುಲಭವಲ್ಲವೇ?

ಉತ್ತರ: 2020ರ ಜನವರಿ 11 ಮತ್ತು 12ರಂದು ಅಲ್ಲಿ ಬಿದ್ದದ್ದು ಕಾಂಕ್ರೀಟ್ ಕಂಬಗಳ ಮೇಲೆ ನಿಂತ ಕಟ್ಟಡಗಳು. ಕಂಬ ಕಡಿದರೆ ತಮ್ಮ ಭಾರಕ್ಕೇ ಕುಸಿಯುತ್ತವೆ. ಕೆಂಪುಕಲ್ಲಿನದರಲ್ಲಿ ಕಂಬವೇ ಇಲ್ಲ, ಗೋಡೆಯೇ ಭಾರ ಹೊರುವುದು. ಅದೂ ಅಲ್ಲದೆ ಸುತ್ತಲಿನವರನ್ನೆಲ್ಲ ತೆರವು ಮಾಡಿಸಬೇಕು. ಪೇಟೆ ಸಾಲಿಗೆ ಆಗದ ಮಾತು.

ಪ್ರಶ್ನೆ: ಪಕ್ಕದ ಗೋಡೆ ದಾರಿಗೆ ಬಾಗಿದೆ, ಧಣಿಗಳು ಗಲ್ಫಿನಲ್ಲಿದ್ದಾರೆ. ಅರ್ಜಿ ಮಲಯಾಳದಲ್ಲೇ ಬೇಕೇ?

ಉತ್ತರ: ಮುನಿಸಿಪಾಲಿಟಿ ಸೆಕ್ರೆಟರಿಯವರಿಗೆ ಬರೆಯಿರಿ. ಅಪಾಯದ ಕಟ್ಟಡವನ್ನು ರಿಪೇರಿ ಮಾಡಲು ಇಲ್ಲವೇ ಕೆಡಹಲು ನೋಟೀಸು ಕೊಡುವ ಅಧಿಕಾರ 1994ರ ಕೇರಳ ಮುನಿಸಿಪಾಲಿಟಿ ಕಾಯ್ದೆಯಲ್ಲಿದೆ. ಕನ್ನಡದಲ್ಲೇ ಬರೆಯಿರಿ, ಇಲ್ಲಿನ ಕನ್ನಡಿಗರು ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಲು 1969ರ ಅಧಿಕೃತ ಭಾಷಾ ಕಾಯ್ದೆ ಅವಕಾಶ ಕೊಟ್ಟಿದೆ. ತೂಕದ ಗುಂಡು ಕಟ್ಟಿದ ದಾರವನ್ನು ಗೋಡೆಯ ತುದಿಯಿಂದ ಇಳಿಬಿಟ್ಟು, ಬುಡದಲ್ಲಿ ಎಷ್ಟು ಇಂಚು ಅಂತರ ಬಂತೆಂದು ಫೋಟೋ ಸಮೇತ ಸೇರಿಸಿ. ಅಳೆಯುವಾಗ ಗೋಡೆ ಬಾಗಿದ ಕಡೆ ನಿಲ್ಲಬೇಡಿ.